ಐಯುಐ, ಐವಿಎಫ್, ಇಕ್ಸಿ: ನಿಮ್ಮ ವರದಿಗೆ ಹೊಂದುವ ದಾರಿ ಯಾವುದು?

‘ಒಬ್ಬ ವೈದ್ಯರು ಇನ್ನೂ ಎರಡು ಸಲ ಐಯುಐ ಮಾಡಿ ನೋಡೋಣ ಎನ್ನುತ್ತಾರೆ. ಇನ್ನೊಬ್ಬರು ಕಾಲಹರಣ ಬೇಡ, ನೇರವಾಗಿ ಐವಿಎಫ್‌ಗೆ ಬನ್ನಿ ಎನ್ನುತ್ತಾರೆ. ಇಬ್ಬರೂ ಅನುಭವಿಗಳೇ. ನಾವು ಯಾರ ಮಾತು ಕೇಳಬೇಕು?’ ಮಗುವಿಗಾಗಿ ಚಿಕಿತ್ಸೆ ಪಡೆಯುತ್ತಿರುವವರಿಂದ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ನನಗೆ ಮತ್ತೆ ಮತ್ತೆ ಬರುತ್ತದೆ. ಐಯುಐ ಎಂದರೆ ವೀರ್ಯವನ್ನು ನೇರವಾಗಿ ಗರ್ಭಕೋಶದೊಳಗೆ ಬಿಡುವುದು; ಐವಿಎಫ್ ಎಂದರೆ ಅಂಡಾಣುವನ್ನು ದೇಹದ ಹೊರಗೆ ಫಲಿಸುವಂತೆ ಮಾಡಿ ಭ್ರೂಣವನ್ನು ಒಳಗೆ ಬಿಡುವುದು. ಕೇಳುವವರು ಆ ಹೊತ್ತಿಗಾಗಲೇ ದಣಿದಿರುತ್ತಾರೆ. ಕೈಯಲ್ಲಿ ವರದಿಗಳ ದಪ್ಪ ಕಡತವಿರುತ್ತದೆ, ಆದರೆ ಅದರ ಯಾವ ಹಾಳೆ ಯಾವ ನಿರ್ಧಾರಕ್ಕೆ ಬೇಕು ಎಂಬುದನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರುವುದಿಲ್ಲ.

ನಾನು ವೈದ್ಯೆಯಲ್ಲ, ಈ ದಾರಿಯಲ್ಲಿ ನಾಲ್ಕು ವರ್ಷ ನಡೆದವಳು. ನಮಗೆ ಮೂರು ಸಲ ಐಯುಐ ಮಾಡಿದರು. ಮೂರೂ ಫಲಿಸಲಿಲ್ಲ. ಆಮೇಲೆ ಬೇರೆ ಕಡೆ ಹೋದಾಗ ಗರ್ಭನಾಳಗಳ ಎಕ್ಸ್‌ರೇ ಮಾಡಿಸಿದರು. ಪರದೆಯ ಮೇಲೆ ಔಷಧದ್ರವ ಗರ್ಭಕೋಶದ ಪುಟ್ಟ ತ್ರಿಕೋನವನ್ನು ತುಂಬಿಕೊಂಡು ಮೇಲೇರಿ, ಎರಡೂ ಮೂಲೆಗಳಲ್ಲಿ ನಿಂತುಬಿಟ್ಟಿತು. ಮುಂದಕ್ಕೆ ಒಂದು ಎಳೆಯೂ ಹರಿಯಲಿಲ್ಲ. ನಾಳ ಸೆಡೆತುಕೊಂಡರೂ ಹೀಗೆ ಕಾಣಬಹುದು ಎಂದು, ಹೊಟ್ಟೆಯ ಸಣ್ಣ ರಂಧ್ರದಿಂದ ಕ್ಯಾಮೆರಾ ಇಳಿಸಿ ನೋಡುವ ಲ್ಯಾಪರೋಸ್ಕೋಪಿ ಮಾಡಿದಾಗಲೂ ಅದೇ ಖಚಿತವಾಯಿತು. ವೀರ್ಯಾಣುವೂ ಅಂಡಾಣುವೂ ಭೇಟಿಯಾಗುವ ಜಾಗ ಗರ್ಭನಾಳ. ಅದೇ ಮುಚ್ಚಿದ್ದಾಗ ಆ ಮೂರು ಐಯುಐಗಳಲ್ಲಿ ಒಂದೂ ಫಲಿಸುವಂತಿರಲಿಲ್ಲ. ಒಂದು ವರ್ಷ ಹೋಯಿತು, ಹಣವೂ ಹೋಯಿತು. ಆ ಎಕ್ಸ್‌ರೇ ಮೊದಲೇ ಆಗಿದ್ದರೆ ಎಂದು ಇಂದಿಗೂ ಸಂಕಟವಾಗುತ್ತದೆ. ಹಾಗಾಗಿ ಮುಂದೆ ಬರುವ ಪ್ರತಿಯೊಂದು ಆಯ್ಕೆಯ ಮುಂದೆಯೂ ನಾನು ಒಂದೇ ಪ್ರಶ್ನೆ ಇಡುತ್ತೇನೆ: ಇದನ್ನು ನಿಮಗೆ ಸೂಚಿಸಲು ನಿಮ್ಮ ಕಡತದ ಯಾವ ಹಾಳೆ ಕಾರಣ?

ಅಳತೆಗೋಲು ಮೊದಲು

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಅಂದಾಜಿನಂತೆ ಬದುಕಿನ ಯಾವುದೋ ಒಂದು ಘಟ್ಟದಲ್ಲಿ ಆರರಲ್ಲಿ ಒಬ್ಬರನ್ನು ಬಂಜೆತನ ಕಾಡುತ್ತದೆ. ಹೆಣ್ಣಿಗೆ 35 ತುಂಬಿಲ್ಲದಿದ್ದರೆ ಒಂದು ವರ್ಷ, 35 ದಾಟಿದ್ದರೆ ಆರು ತಿಂಗಳು ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದಾಗ ತಪಾಸಣೆ ಮಾಡಿಸಬೇಕು ಎನ್ನುವುದು ವಾಡಿಕೆ. ಮುಟ್ಟು ತೀರಾ ಏರುಪೇರಾಗಿದ್ದರೆ ಅಷ್ಟು ಕಾಯುವುದೂ ಬೇಡ.

ಎಲ್ಲಕ್ಕಿಂತ ಭಾರದ ಅಳತೆ ಹೆಣ್ಣಿನ ವಯಸ್ಸು. ಕೇಳಲು ಕಹಿಯಾದರೂ ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅಂಡಾಣುಗಳು ಹುಟ್ಟುವಾಗಲೇ ದೇಹದಲ್ಲಿರುತ್ತವೆ, ನಮ್ಮ ಜೊತೆಗೇ ಅವಕ್ಕೂ ವಯಸ್ಸಾಗುತ್ತದೆ, ಅವುಗಳ ವರ್ಣತಂತುಗಳಲ್ಲಿ ತಪ್ಪು ಹೆಚ್ಚುತ್ತಾ ಹೋಗುತ್ತದೆ. ಸ್ಥೂಲವಾಗಿ ಹೇಳುವುದಾದರೆ 35ರೊಳಗಿನವರಲ್ಲಿ ಗರ್ಭಕೋಶಕ್ಕೆ ಸೇರಿಸಿದ ಮೂರು ಭ್ರೂಣಗಳಲ್ಲಿ ಒಂದು ಮಗುವಾಗುತ್ತದೆ. 43 ದಾಟಿದವರಲ್ಲಿ, ಸ್ವಂತ ಅಂಡಾಣುವಾದರೆ, ಹತ್ತರಲ್ಲಿ ಒಂದೂ ಆಗುವುದಿಲ್ಲ. ಪ್ರಯೋಗಾಲಯದ ಯಾವ ಯಂತ್ರವೂ ಈ ಅಂತರವನ್ನು ಅಳಿಸಿಲ್ಲ.

ಎರಡನೆಯದು ಅಂಡಾಣುಗಳ ಸಂಗ್ರಹ. ಎಎಂಎಚ್ ಎಂಬ ರಕ್ತಪರೀಕ್ಷೆ, ಮುಟ್ಟಿನ ಮೊದಲ ದಿನಗಳಲ್ಲಿ ಸ್ಕ್ಯಾನ್‌ನಲ್ಲಿ ಎಣಿಸುವ ಪುಟ್ಟ ಫಾಲಿಕಲ್‌ಗಳು (ಅಂಡಾಶಯದಲ್ಲಿ ಅಂಡಾಣು ಬೆಳೆಯುವ ದ್ರವದ ಚೀಲಗಳು), ಇವೆರಡರಿಂದ ಅದು ತಿಳಿಯುತ್ತದೆ. ಎಎಂಎಚ್ ಕಡಿಮೆ ಬಂದ ದಿನ ಅಳುತ್ತಾ ಫೋನ್ ಮಾಡುವವರಿಗೆ ನಾನು ಹೇಳುವುದಿಷ್ಟು: ಇಂಜೆಕ್ಷನ್ ಕೊಟ್ಟರೆ ಎಷ್ಟು ಅಂಡಾಣು ಸಿಗಬಹುದು ಎಂಬುದನ್ನು ಮಾತ್ರ ಆ ಸಂಖ್ಯೆ ಸೂಚಿಸುತ್ತದೆ. ಅಂಡಾಣುವಿನ ಗುಣಮಟ್ಟವನ್ನಾಗಲಿ, ಸಹಜವಾಗಿ ಗರ್ಭ ನಿಲ್ಲುತ್ತದೆಯೇ ಎಂಬುದನ್ನಾಗಲಿ ಅದು ಹೇಳುವುದಿಲ್ಲ. 30ರ ಹರೆಯದಲ್ಲಿ ಕಡಿಮೆ ಎಎಂಎಚ್ ಇರುವುದಕ್ಕೂ 41ರಲ್ಲಿ ಇರುವುದಕ್ಕೂ ಬಹಳ ವ್ಯತ್ಯಾಸವಿದೆ.

ಮೂರನೆಯದು ನಾಳ. ಅದರ ಕತೆ ಹೇಳಿಯಾಗಿದೆ. ನಾಲ್ಕನೆಯದು ವೀರ್ಯದ ವರದಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಮಿತಿಗಳು ಹೀಗಿವೆ: ಪ್ರಮಾಣ 1.4 ಮಿಲಿಲೀಟರ್, ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಒಟ್ಟು ಚಲನೆ ಶೇ 42, ಸರಿಯಾದ ಆಕಾರ ಶೇ 4. ಆಕಾರ ಶೇ 4 ಎಂಬುದನ್ನು ಓದಿ ಗಾಬರಿಯಾಗುವ ಗಂಡಸರಿದ್ದಾರೆ; ಅದು ಸಹಜ ಮಿತಿಯೇ. ಒಂದು ವರದಿ ಕೆಟ್ಟು ಬಂದರೆ ಕೆಲವು ವಾರ ಬಿಟ್ಟು ಇನ್ನೊಂದು ಮಾಡಿಸಬೇಕು. ಜ್ವರ ಬಂದು ಹೋದರೂ ಸಂಖ್ಯೆ ಇಳಿಯುತ್ತದೆ. ಹೊಸ ವೀರ್ಯಾಣು ತಯಾರಾಗಲು ಹೆಚ್ಚುಕಡಿಮೆ ಎರಡೂವರೆ ತಿಂಗಳು ಬೇಕು.

ಕಡೆಯದು ಹಣ, ರಜೆ ಮತ್ತು ಮನಸ್ಸು. ಇದನ್ನು ಕಡೆಯಲ್ಲಿ ಬರೆದೆನೇ ಹೊರತು ಇದು ಚಿಕ್ಕದೇನಲ್ಲ. ಐವಿಎಫ್‌ನ ಒಂದು ಸುತ್ತಿಗೆ ಆಗುವ ಖರ್ಚಿನಲ್ಲಿ ಹಲವು ಐಯುಐ ಮಾಡಿಸಬಹುದು. ಹಾಗಾದರೆ ಅಗ್ಗದ್ದನ್ನೇ ಮೊದಲು ಮಾಡೋಣ ಎನ್ನಿಸುವುದು ಸಹಜ. ಆ ಲೆಕ್ಕ ಯಾರಿಗೆ ಸರಿ, ಯಾರಿಗೆ ತಪ್ಪು ಎಂದು ಈಗ ನೋಡೋಣ.

ಐಯುಐ ಸಾಕೇ, ಐವಿಎಫ್ ಬೇಕೇ?

ಐಯುಐಯಲ್ಲಿ ವೀರ್ಯವನ್ನು ಪ್ರಯೋಗಾಲಯದಲ್ಲಿ ತೊಳೆದು, ಚುರುಕಾದ ವೀರ್ಯಾಣುಗಳನ್ನು ಬೇರ್ಪಡಿಸಿ, ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ ತೆಳುವಾದ ನಳಿಕೆಯಿಂದ ಗರ್ಭಕೋಶದೊಳಗೆ ಬಿಡುತ್ತಾರೆ. ಕೆಲವೇ ನಿಮಿಷದ ಕೆಲಸ, ಅರಿವಳಿಕೆ ಬೇಡ, ಅದೇ ದಿನ ಕೆಲಸಕ್ಕೆ ಹೋಗಬಹುದು. ಮಿಕ್ಕಿದ್ದೆಲ್ಲವನ್ನೂ ದೇಹವೇ ಮಾಡಬೇಕು: ಅಂಡಾಣು ನಾಳಕ್ಕೆ ಇಳಿಯಬೇಕು, ವೀರ್ಯಾಣು ಅದನ್ನು ಹುಡುಕಿಕೊಂಡು ಹೋಗಬೇಕು, ಫಲಿತ ಭ್ರೂಣ ಐದಾರು ದಿನ ಪಯಣಿಸಿ ಗರ್ಭಕೋಶದಲ್ಲಿ ನೆಲೆಯೂರಬೇಕು. ಒಂದು ಸುತ್ತಿಗೆ ಫಲಿಸುವ ಸಾಧ್ಯತೆ ಸುಮಾರು ಹತ್ತರಲ್ಲಿ ಒಂದು. ವಯಸ್ಸು ಕಡಿಮೆಯಿದ್ದು, ಮಾತ್ರೆಯಿಂದ ಒಂದೆರಡು ಫಾಲಿಕಲ್ ಚೆನ್ನಾಗಿ ಬೆಳೆದರೆ ಇನ್ನೂ ಸ್ವಲ್ಪ ಹೆಚ್ಚು.

ಐವಿಎಫ್‌ನಲ್ಲಿ ಅಂಡಾಣುಗಳನ್ನು ಹೊರತೆಗೆದು, ಫಲನವನ್ನು ತಟ್ಟೆಯಲ್ಲಿ ಮಾಡಿಸಿ, ಬೆಳೆದ ಭ್ರೂಣವನ್ನು ಗರ್ಭಕೋಶದೊಳಗೆ ಬಿಡುತ್ತಾರೆ. ಗರ್ಭನಾಳದ ಪಾತ್ರವೇ ಇಲ್ಲ. ಈ ಚಿಕಿತ್ಸೆ ಹುಟ್ಟಿದ್ದೂ ಅದಕ್ಕಾಗಿಯೇ. 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡಂನಲ್ಲಿ ಜನಿಸಿದ ಮೊದಲ ಐವಿಎಫ್ ಮಗು ಲೂಯಿಸ್ ಬ್ರೌನ್‌ಳ ತಾಯಿಗೆ ಎರಡೂ ನಾಳ ಮುಚ್ಚಿದ್ದವು.

ಹಾಗಾಗಿ ಎರಡೂ ನಾಳ ಮುಚ್ಚಿದ್ದರೆ, ವೀರ್ಯಾಣು ತೀರಾ ಕಡಿಮೆಯಿದ್ದರೆ, ಐಯುಐ ಸಾಲಿನಲ್ಲೇ ಇಲ್ಲ. ಅಗ್ಗವೆಂದು ಮಾಡಿಸಿಕೊಂಡರೆ ಅದೇ ಅತಿ ದುಬಾರಿ. ನಾಳದಲ್ಲಿ ನೀರು ತುಂಬಿ ಊದಿಕೊಂಡಿದೆ ಎಂದು ವರದಿ ಬಂದಿದ್ದರೆ ಐವಿಎಫ್‌ಗೂ ಮೊದಲು ಆ ನಾಳವನ್ನು ತೆಗೆಸುವ ಅಥವಾ ಬಂಧಿಸುವ ಮಾತು ಬರಬೇಕು. ಆ ನೀರು ಗರ್ಭಕೋಶಕ್ಕೆ ಇಳಿದರೆ ಐವಿಎಫ್ ಫಲಿಸುವ ಸಾಧ್ಯತೆ ಸುಮಾರು ಅರ್ಧಕ್ಕೆ ಕುಸಿಯುತ್ತದೆ.

ನಾಳ ತೆರೆದಿದೆ, ವೀರ್ಯ ಚೆನ್ನಾಗಿದೆ ಅಥವಾ ಅಲ್ಪ ಕೊರತೆಯಿದೆ, ವಯಸ್ಸು 35ರೊಳಗೆ, ಕಾರಣವೇ ಗೊತ್ತಾಗುತ್ತಿಲ್ಲ: ಇಂಥವರು ಮೂರು, ಹೆಚ್ಚೆಂದರೆ ನಾಲ್ಕು ಐಯುಐ ಮಾಡಿಸುವುದರಲ್ಲಿ ಅರ್ಥವಿದೆ. ಫಲಿಸುವವರಲ್ಲಿ ಬಹುಪಾಲು ಜನರಿಗೆ ಅಷ್ಟರೊಳಗೇ ಫಲಿಸುತ್ತದೆ. ಹಾರ್ಮೋನುಗಳ ಏರುಪೇರಿನ ತೊಂದರೆಯಾದ ಪಿಸಿಒಎಸ್ ಇದ್ದು ಅಂಡಾಣು ಬಿಡುಗಡೆಯಾಗುವುದೇ ತೊಂದರೆಯಾಗಿದ್ದರೆ ಅದಕ್ಕೂ ಮೊದಲಿನ ಮೆಟ್ಟಿಲೊಂದಿದೆ: ಅಂಡಾಣು ಬೆಳೆದು ಬಿಡುಗಡೆಯಾಗಲು ನೆರವಾಗುವ ಲೆಟ್ರೋಜೋಲ್ ಮಾತ್ರೆ ಐದು ದಿನ, ಸ್ಕ್ಯಾನ್ ನೋಡಿ ದಿನ ಗೊತ್ತುಮಾಡಿಕೊಂಡು ಮನೆಯಲ್ಲೇ ಪ್ರಯತ್ನ. ಇದಕ್ಕೆ ಖರ್ಚು ಎಲ್ಲಕ್ಕಿಂತ ಕಡಿಮೆ. ಇದನ್ನು ಹಾರಿಸಿ ನೇರವಾಗಿ ಐವಿಎಫ್‌ಗೆ ಕರೆದರೆ ಕಾರಣ ಕೇಳಲೇಬೇಕು. ಒಂದೇ ಎಚ್ಚರವೆಂದರೆ, ಮಾತ್ರೆಗೋ ಇಂಜೆಕ್ಷನ್‌ಗೋ ಮೂರು ನಾಲ್ಕು ಫಾಲಿಕಲ್ ಒಟ್ಟಿಗೆ ಬೆಳೆದುಬಿಟ್ಟರೆ ಒಳ್ಳೆಯ ವೈದ್ಯರು ಆ ಸುತ್ತನ್ನೇ ರದ್ದು ಮಾಡುತ್ತಾರೆ. ಅವರ ಮೇಲೆ ಸಿಟ್ಟಾಗಬೇಡಿ, ಅವರು ತ್ರಿವಳಿ ಗರ್ಭದ ಅಪಾಯದಿಂದ ನಿಮ್ಮನ್ನು ಕಾಪಾಡುತ್ತಿದ್ದಾರೆ.

38 ದಾಟಿದ್ದರೆ ನನ್ನ ತೂಕ ಐವಿಎಫ್ ಕಡೆಗೇ. ಆ ವಯಸ್ಸಿನವರಲ್ಲಿ ನೇರ ಐವಿಎಫ್‌ನಿಂದ ಗರ್ಭ ಬೇಗ ನಿಲ್ಲುತ್ತದೆ ಎಂದು ಅಧ್ಯಯನಗಳೂ ತೋರಿಸಿವೆ. ಆರು ತಿಂಗಳು ಐಯುಐಗೆ ಕೊಟ್ಟು ಉಳಿಸಿದ ಹಣ, ಆಮೇಲೆ ಹೆಚ್ಚುವರಿ ಐವಿಎಫ್ ಸುತ್ತುಗಳಿಗೆ ಹೋಗಿಬಿಡಬಹುದು. 35ರಿಂದ 38ರ ನಡುವಿನವರದ್ದು ನಿಜಕ್ಕೂ ತೊಳಲಾಟ. ಅಲ್ಲಿ ಎಎಂಎಚ್ ಹಾಳೆಯನ್ನು ಮುಂದಿಟ್ಟುಕೊಂಡು ನಿರ್ಧರಿಸಿ: ಸಂಗ್ರಹ ಚೆನ್ನಾಗಿದ್ದರೆ ಒಂದೆರಡು ಐಯುಐಗೆ ಸಮಯವಿದೆ, ಕುಗ್ಗುತ್ತಿದ್ದರೆ ಇಲ್ಲ.

ಐವಿಎಫ್‌ನ ಒಂದು ಸುತ್ತಿನಲ್ಲಿ ಏನೇನು ನಡೆಯುತ್ತದೆ

ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನ ಸ್ಕ್ಯಾನ್ ಮಾಡಿ ಇಂಜೆಕ್ಷನ್ ಶುರುಮಾಡುತ್ತಾರೆ. ಸಾಧಾರಣವಾಗಿ ಹತ್ತು ಹನ್ನೆರಡು ದಿನ, ಹೊಟ್ಟೆಯ ಚರ್ಮಕ್ಕೆ, ಬಹುತೇಕ ನಾವೇ ಚುಚ್ಚಿಕೊಳ್ಳುವುದು. ಸಹಜವಾಗಿ ತಿಂಗಳಿಗೆ ಒಂದೇ ಫಾಲಿಕಲ್ ಪೂರ್ತಿ ಬೆಳೆಯುತ್ತದೆ. ಈ ಹಾರ್ಮೋನು ಅದರ ಜೊತೆಗಿನ ಇತರ ಫಾಲಿಕಲ್‌ಗಳೂ ಬಾಡದೆ ಬೆಳೆಯುವಂತೆ ಮಾಡುತ್ತದೆ. ನಡುವೆ ನಾಲ್ಕೈದು ಸಲ ಸ್ಕ್ಯಾನ್. ಕೆಲವು ಫಾಲಿಕಲ್‌ಗಳು 17–18 ಮಿಲಿಮೀಟರ್ ಆದಾಗ ಕಡೆಯ ಇಂಜೆಕ್ಷನ್, ಎಲ್ಲರೂ ‘ಟ್ರಿಗರ್’ ಎನ್ನುವುದು ಅದಕ್ಕೇ. ಅದರ ಗಳಿಗೆ ತಪ್ಪುವಂತಿಲ್ಲ. ನನ್ನದು ರಾತ್ರಿ 10.30ಕ್ಕಿತ್ತು. ಗಂಡ ಮೊಬೈಲಿನಲ್ಲಿ ಎರಡು ಅಲಾರಂ ಇಟ್ಟುಕೊಂಡು, ಹತ್ತು ಗಂಟೆಯಿಂದಲೇ ಔಷಧದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಕಾಯುತ್ತಿದ್ದರು. ಅಂಡಾಣು ಮಾಗಿ, ಆದರೆ ಫಾಲಿಕಲ್ ಒಡೆಯುವ ಮೊದಲು ಹೊರತೆಗೆಯಬೇಕಾದ್ದರಿಂದ ಸುಮಾರು 36 ಗಂಟೆಯ ಮೇಲೆ ಶಸ್ತ್ರಕ್ರಿಯೆ ಕೊಠಡಿಗೆ ಕರೆದೊಯ್ಯುತ್ತಾರೆ. ಅರಿವಳಿಕೆ ಕೊಟ್ಟು, ಯೋನಿಯ ಮೂಲಕ ಸ್ಕ್ಯಾನ್ ನೋಡುತ್ತಾ ಸೂಜಿಯಿಂದ ಪ್ರತಿ ಫಾಲಿಕಲ್‌ನ ದ್ರವವನ್ನು ಹೀರಿಕೊಳ್ಳುತ್ತಾರೆ. ಸುಮಾರು ಅರ್ಧ ಗಂಟೆಯ ಕೆಲಸ.

ಅಲ್ಲಿಂದ ಮುಂದಿನದು ಎಣಿಕೆ ಇಳಿಯುತ್ತಾ ಹೋಗುವ ದಿನಗಳು. ಇದಕ್ಕೆ ಯಾರೂ ನನ್ನನ್ನು ಸಿದ್ಧಪಡಿಸಿರಲಿಲ್ಲ. ಎಚ್ಚರವಾದಾಗ ಹನ್ನೊಂದು ಅಂಡಾಣು ಎಂದರು. ಸಂತೋಷಕ್ಕೆ ಕಣ್ಣು ತುಂಬಿತು. ಸಂಜೆಗೆ, ಅದರಲ್ಲಿ ಮಾಗಿದವು ಒಂಬತ್ತು. ಮರುದಿನ ಬೆಳಗ್ಗೆ ಪ್ರಯೋಗಾಲಯದಿಂದ ಫೋನ್: ಫಲಿಸಿದವು ಆರು. ಐದನೆಯ ದಿನ ಮತ್ತೆ ಫೋನ್: ಬ್ಲಾಸ್ಟೊಸಿಸ್ಟ್ ಹಂತಕ್ಕೆ, ಅಂದರೆ ಗರ್ಭಕೋಶದಲ್ಲಿ ನೆಲೆಯೂರಲು ಸಿದ್ಧವಾಗುವಷ್ಟು ಬೆಳೆದ ಭ್ರೂಣದ ಹಂತಕ್ಕೆ ಬಂದವು ಎರಡು. ಹನ್ನೊಂದರಿಂದ ಎರಡಕ್ಕೆ ಇಳಿದಾಗ ಏನೋ ಎಡವಟ್ಟಾಗಿದೆ ಎಂದೇ ತಿಳಿದಿದ್ದೆ. ಭ್ರೂಣತಜ್ಞೆ ತಾಳ್ಮೆಯಿಂದ ವಿವರಿಸಿದರು: ತೆಗೆದ ಅಂಡಾಣುಗಳಲ್ಲಿ ಮುಕ್ಕಾಲು ಪಾಲಿನಷ್ಟು ಮಾಗಿರುತ್ತವೆ, ಮಾಗಿದವುಗಳಲ್ಲಿ ಸುಮಾರು ಶೇ 70 ಫಲಿಸುತ್ತವೆ, ಫಲಿಸಿದವುಗಳಲ್ಲಿ ಅರ್ಧಕ್ಕಿಂತ ಕಡಿಮೆ ಬ್ಲಾಸ್ಟೊಸಿಸ್ಟ್ ಆಗುತ್ತವೆ. ಈ ಇಳಿಕೆಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ಆಯ್ಕೆಗಳೆಲ್ಲ ಇದರ ಮೇಲೇ ನಿಂತಿವೆ.

ಇಂಜೆಕ್ಷನ್ ಎಷ್ಟು?

ಲೂಯಿಸ್ ಬ್ರೌನ್ ಹುಟ್ಟಿದ್ದು ಯಾವ ಇಂಜೆಕ್ಷನ್ನೂ ಇಲ್ಲದೆ, ಸಹಜ ಋತುಚಕ್ರದ ಒಂದೇ ಒಂದು ಅಂಡಾಣುವಿನಿಂದ. ಇಂದಿಗೂ ಸಹಜ ಚಕ್ರದ ಐವಿಎಫ್ ಇದೆ, ಕಡಿಮೆ ಔಷಧದ ಮೃದು ಐವಿಎಫ್ ಇದೆ, ಪೂರ್ಣ ಪ್ರಮಾಣದ್ದೂ ಇದೆ. ಒಟ್ಟು ಖರ್ಚಿನಲ್ಲಿ ಔಷಧದ ಪಾಲು ದೊಡ್ಡದಾದ್ದರಿಂದ ಮೃದು ವಿಧಾನ ಅಗ್ಗವಾಗಿ ಕಾಣುತ್ತದೆ. ಸಂಗ್ರಹ ಚೆನ್ನಾಗಿರುವ ಮಹಿಳೆಗೆ ಇದು ನಷ್ಟ: ಮೂರು ನಾಲ್ಕು ಅಂಡಾಣು ಸಿಕ್ಕಿ, ಮೇಲೆ ಹೇಳಿದ ಇಳಿಕೆಯಲ್ಲಿ ಕೈಗೆ ಒಂದೋ ಸೊನ್ನೆಯೋ ಉಳಿಯಬಹುದು. ಪೂರ್ಣ ಪ್ರಮಾಣದಲ್ಲಿ ಒಂದೇ ಶಸ್ತ್ರಕ್ರಿಯೆಯಿಂದ ಎರಡು ಮೂರು ಭ್ರೂಣ ಉಳಿಸಿಟ್ಟರೆ ಎರಡನೆಯ ಪ್ರಯತ್ನಕ್ಕೆ, ಎರಡನೆಯ ಮಗುವಿಗೆ ಕೂಡ ಅದೇ ಆಗುತ್ತದೆ. ಸಂಗ್ರಹ ಕುಗ್ಗಿರುವವರ ಲೆಕ್ಕ ಬೇರೆ. ಪ್ರಮಾಣ ಎಷ್ಟೇ ಏರಿಸಿದರೂ ಇಲ್ಲದ ಫಾಲಿಕಲ್ ಬೆಳೆಯುವುದಿಲ್ಲ, ಆದ್ದರಿಂದ ಅವರಿಗೆ ಮೃದು ವಿಧಾನ ಹೆಚ್ಚುಕಡಿಮೆ ಅಷ್ಟೇ ಫಲ ಕೊಡುತ್ತದೆ, ಹಣವನ್ನೂ ಉಳಿಸುತ್ತದೆ.

ಪಿಸಿಒಎಸ್ ಇರುವವರು, ಎಎಂಎಚ್ ಬಹಳ ಹೆಚ್ಚಿರುವವರು ಎದುರು ದಿಕ್ಕಿನ ಅಪಾಯ ನೋಡಿಕೊಳ್ಳಬೇಕು. ಅಂಡಾಶಯ ಅತಿಯಾಗಿ ಕೆರಳಿ ಊದಿಕೊಂಡು, ಹೊಟ್ಟೆಯಲ್ಲಿ ನೀರು ತುಂಬಿ, ಉಸಿರಾಟ ಕಷ್ಟವಾಗುವ ಸ್ಥಿತಿಯೊಂದಿದೆ. ಕ್ಲಿನಿಕ್‌ನಲ್ಲಿ ಅದನ್ನು ಒಎಚ್‌ಎಸ್‌ಎಸ್ ಎನ್ನುತ್ತಾರೆ. ಹಿಂದಿನ ಚಕ್ರದಿಂದಲೇ ಆರಂಭವಾಗುವ ಉದ್ದನೆಯ ವಿಧಾನಕ್ಕಿಂತ, ಅಂಡಾಣು ಬೇಗನೆ ಬಿಡುಗಡೆಯಾಗದಂತೆ ನಡುವೆ ಕೆಲವು ದಿನ ಮಾತ್ರ ತಡೆಮದ್ದು ಕೊಡುವ ‘ಆಂಟಗನಿಸ್ಟ್’ ವಿಧಾನದಲ್ಲಿ ಈ ಅಪಾಯ ಕಡಿಮೆ. ಅದರಲ್ಲಿ ವಾಡಿಕೆಯ ಎಚ್‌ಸಿಜಿ ಎಂಬ ಹಾರ್ಮೋನಿನ ಬದಲು ಬೇರೆ ಟ್ರಿಗರ್ ಕೊಟ್ಟು, ಭ್ರೂಣಗಳನ್ನೆಲ್ಲ ಘನೀಕರಿಸಿ, ಮುಂದಿನ ಚಕ್ರದಲ್ಲಿ ಒಳಗೆ ಬಿಟ್ಟರೆ ತೀವ್ರ ರೂಪ ಬಹಳ ಅಪರೂಪ. ನಿಮಗೆ ಪಿಸಿಒಎಸ್ ಇದ್ದರೆ ‘ನನಗೆ ಯಾವ ಟ್ರಿಗರ್ ಕೊಡುತ್ತೀರಿ?’ ಎಂದು ಹೆಸರು ಹಿಡಿದು ಕೇಳಿ.

ಸಾಧಾರಣ ಐವಿಎಫ್ ಅಥವಾ ಇಕ್ಸಿ?

ಸಾಧಾರಣ ಐವಿಎಫ್‌ನಲ್ಲಿ ಅಂಡಾಣುಗಳ ಜೊತೆ ಸಾವಿರಾರು ವೀರ್ಯಾಣುಗಳನ್ನು ಬಿಟ್ಟು, ಒಂದು ತಾನಾಗಿ ಒಳಹೊಗಲಿ ಎಂದು ರಾತ್ರಿಯಿಡೀ ಬಿಡುತ್ತಾರೆ. ಇಕ್ಸಿಯಲ್ಲಿ ಸೂಕ್ಷ್ಮದರ್ಶಕದಡಿ ಒಂದೇ ವೀರ್ಯಾಣುವನ್ನು ಆರಿಸಿ ಕೂದಲಿಗಿಂತ ತೆಳುವಾದ ಗಾಜಿನ ಸೂಜಿಯಿಂದ ಅಂಡಾಣುವಿನೊಳಗೆ ಇಳಿಸುತ್ತಾರೆ. ಬ್ರಸೆಲ್ಸ್‌ನ ತಂಡ 1992ರಲ್ಲಿ ಇದರಿಂದಾದ ಗರ್ಭಧಾರಣೆಗಳನ್ನು ಪ್ರಕಟಿಸಿತು. ಅಲ್ಲಿಯತನಕ ದಾನಿಯ ವೀರ್ಯ ಬಿಟ್ಟರೆ ಬೇರೆ ದಾರಿಯಿಲ್ಲ ಎನ್ನಿಸಿಕೊಂಡಿದ್ದ ಎಷ್ಟೋ ಗಂಡಸರು ತಂದೆಯಾದದ್ದು ಇದರಿಂದ. ವೀರ್ಯದಲ್ಲಿ ಒಂದೂ ವೀರ್ಯಾಣು ಇಲ್ಲದಿದ್ದರೆ ವೃಷಣದಿಂದಲೇ ತೆಗೆದು ಇಕ್ಸಿ ಮಾಡಬಹುದು. ಸಂಖ್ಯೆ ತೀರಾ ಕಡಿಮೆಯಿದ್ದರೆ, ಹಿಂದಿನ ಐವಿಎಫ್‌ನಲ್ಲಿ ಫಲನವೇ ಆಗದಿದ್ದರೆ, ಇಕ್ಸಿಯ ಹೆಚ್ಚುವರಿ ಹಣವನ್ನು ಕಣ್ಣುಮುಚ್ಚಿ ಕೊಡಿ. ಆದರೆ ಸಂಖ್ಯೆ ತೀರಾ ಕಡಿಮೆಯಿರುವ ಗಂಡಸರು ಮೊದಲು ವೈ ವರ್ಣತಂತುವಿನ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಅದರಲ್ಲಿ ದೋಷವಿದ್ದರೆ ಹುಟ್ಟುವ ಗಂಡುಮಗುವಿಗೂ ದಾಟುತ್ತದೆ.

ವೀರ್ಯದ ವರದಿ ಸರಿಯಿರುವವರಿಗೆ ಇಕ್ಸಿಯಿಂದ ಲಾಭವಿಲ್ಲ. 2021ರಲ್ಲಿ ವಿಯೆಟ್ನಾಂನಿಂದ ಬಂದ ದೊಡ್ಡ ಅಧ್ಯಯನವೂ ವೀರ್ಯ ಸರಿಯಿರುವ ದಂಪತಿಗಳಲ್ಲಿ ಎರಡೂ ವಿಧಾನದ ಜೀವಂತ ಜನನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೂ ಎಲ್ಲರಿಗೂ ಇಕ್ಸಿಯನ್ನೇ ಮಾಡುವ ಕ್ಲಿನಿಕ್‌ಗಳು ಬಹಳ. ನಮ್ಮ ತೊಂದರೆ ಇದ್ದದ್ದು ನಾಳದಲ್ಲಿ. ಆದರೂ ಖರ್ಚಿನ ಅಂದಾಜು ಪಟ್ಟಿಯಲ್ಲಿ ಇಕ್ಸಿಯೆಂದು ಬರೆದಿತ್ತು. ಕಾರಣ ಕೇಳಿದಾಗ ವೈದ್ಯರು ವೀರ್ಯದ ವರದಿಯನ್ನು ಮತ್ತೊಮ್ಮೆ ನೋಡಿ, ಸರಿ, ನಿಮಗೆ ಬೇಡ ಎಂದು ಗೆರೆ ಹೊಡೆದರು. ಕೇಳದಿದ್ದರೆ ಕೊಟ್ಟುಬಿಡುತ್ತಿದ್ದೆವು.

ಮೂರನೆಯ ದಿನ, ಐದನೆಯ ದಿನ. ಒಂದು ಭ್ರೂಣ, ಎರಡು ಭ್ರೂಣ

ಭ್ರೂಣವನ್ನು ಮೂರನೆಯ ದಿನ, ಆರರಿಂದ ಎಂಟು ಕೋಶಗಳಿರುವಾಗ ಒಳಗೆ ಬಿಡಬಹುದು, ಅಥವಾ ಐದನೆಯ ದಿನದ ಬ್ಲಾಸ್ಟೊಸಿಸ್ಟ್ ಆಗುವತನಕ ಕಾಯಬಹುದು. ನಾಲ್ಕೈದು ಭ್ರೂಣಗಳಿದ್ದರೆ ಐದನೆಯ ದಿನ ಒಳ್ಳೆಯದು, ಗಟ್ಟಿಯಾದದ್ದು ತಾನೇ ಎದ್ದು ಕಾಣುತ್ತದೆ. ಒಂದೋ ಎರಡೋ ಇದ್ದರೆ ಆರಿಸುವ ಪ್ರಶ್ನೆಯೇ ಇಲ್ಲ. ಮೂರನೆಯ ದಿನವೇ ಬಿಟ್ಟರೂ ತಪ್ಪಿಲ್ಲ.

ಎಷ್ಟು ಬಿಡಬೇಕು ಎಂಬುದರಲ್ಲಿ ಮಾತ್ರ ನಾನು ಗಟ್ಟಿಯಾಗಿ ಒಂದು ಕಡೆ ನಿಲ್ಲುತ್ತೇನೆ. ‘ಎರಡು ಬಿಡಿ, ಅವಳಿ ಆದರೆ ಒಂದೇ ಖರ್ಚಿನಲ್ಲಿ ಸಂಸಾರ ತುಂಬುತ್ತದೆ’ ಎಂದು ಹೇಳುವವರ ಆಸೆ ನನಗೂ ಇತ್ತು. ಆದರೆ ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಶಿಶುಗಳು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ತಾಯಿಗೆ ರಕ್ತದೊತ್ತಡ, ಸಕ್ಕರೆ, ಶಸ್ತ್ರಕ್ರಿಯೆಯ ಹೆರಿಗೆ ಎಲ್ಲವೂ ಹೆಚ್ಚು. ಉಳಿಸಿದೆವು ಎಂದುಕೊಂಡ ಹಣ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ ಹೋಗಬಹುದು. ಒಂದನ್ನು ಬಿಟ್ಟು, ಇನ್ನೊಂದನ್ನು ಘನೀಕರಿಸಿ, ಬೇಕಾದರೆ ಆಮೇಲೆ ಅದನ್ನೂ ಬಿಟ್ಟರೆ ಮಗು ಸಿಗುವ ಒಟ್ಟು ಸಾಧ್ಯತೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. 40ರ ಆಸುಪಾಸಿನಲ್ಲಿರುವವರು, ಹಲವು ಸಲ ಸೋತವರು ವೈದ್ಯರೊಂದಿಗೆ ಮಾತಾಡಿ ಎರಡಕ್ಕೆ ಒಪ್ಪಬಹುದು. 35ರೊಳಗಿನವರು ಒಂದಕ್ಕಿಂತ ಹೆಚ್ಚು ಬೇಡವೆಂದೇ ನನ್ನ ಕಳಕಳಿಯ ಮಾತು.

ಆಗಲೇ ಬಿಡುವುದೋ, ಘನೀಕರಿಸಿ ಆಮೇಲೆ ಬಿಡುವುದೋ?

ಭ್ರೂಣವನ್ನು ಈಗ ಕ್ಷಣಾರ್ಧದಲ್ಲಿ ಗಾಜಿನಂತೆ ಘನೀಕರಿಸಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ಕರಗಿಸಿದಾಗ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಬದುಕುತ್ತವೆ. ಹಾಗಾಗಿ ಫ್ರೀಜ್ ಮಾಡಿದ್ದು ಹಳಸಲು ಎಂಬ ಭಯ ಬೇಡ. ನಮ್ಮ ಎರಡು ಬ್ಲಾಸ್ಟೊಸಿಸ್ಟ್‌ಗಳಲ್ಲಿ ಮೊದಲನೆಯದನ್ನು ಆಗಲೇ ಬಿಟ್ಟರು, ನಿಲ್ಲಲಿಲ್ಲ. ಏಳು ತಿಂಗಳು ಘನೀಕರಿಸಿಟ್ಟಿದ್ದ ಎರಡನೆಯದು ಈಗ ನನ್ನ ಪಕ್ಕದಲ್ಲಿ ಕೂತು ಬಣ್ಣದ ಪೆನ್ಸಿಲ್ ಮೊನೆ ಮಾಡುತ್ತಿದೆ.

ಪಿಸಿಒಎಸ್ ಇರುವವರಿಗೆ ಘನೀಕರಿಸಿ ಬಿಡುವುದೇ ಸುರಕ್ಷಿತ. 2016ರ ಒಂದು ದೊಡ್ಡ ಅಧ್ಯಯನದಲ್ಲಿ ಅವರಿಗೆ ಮಗುವಾಗುವ ಪ್ರಮಾಣವೂ ಹೆಚ್ಚಿತ್ತು. ಅಂಡಾಣು ಕ್ರಮವಾಗಿ ಬಿಡುಗಡೆಯಾಗುವವರಲ್ಲಿ ಎರಡರ ಫಲಿತಾಂಶವೂ ಸಮ ಎಂದು 2018ರ ಅಧ್ಯಯನಗಳು ಹೇಳಿದವು. ಆಗಲೇ ಬಿಟ್ಟರೆ ಒಂದೆರಡು ತಿಂಗಳು ಉಳಿಯುತ್ತದೆ, ಘನೀಕರಣದ ಮತ್ತು ಎರಡನೆಯ ಸಿದ್ಧತೆಯ ಖರ್ಚು ಉಳಿಯುತ್ತದೆ. ಘನೀಕೃತ ಭ್ರೂಣದ ಗರ್ಭದಲ್ಲಿ ತಾಯಿಗೆ ರಕ್ತದೊತ್ತಡ ಏರುವ ಸಂಭವ ತುಸು ಹೆಚ್ಚು. ಮಾತ್ರೆಗಳಿಂದಲೇ ಗರ್ಭಕೋಶವನ್ನು ಸಿದ್ಧಪಡಿಸಿದಾಗ ಇದು ಹೆಚ್ಚಾಗಿ ಕಂಡುಬಂದಿದೆ. ಮುಟ್ಟು ಕ್ರಮವಾಗಿರುವವರು ‘ನನ್ನ ಸಹಜ ಚಕ್ರದಲ್ಲೇ ಬಿಡಬಹುದೇ?’ ಎಂದು ಕೇಳಬೇಕು. ಸ್ಕ್ಯಾನ್‌ಗೆ ಒಂದೆರಡು ಸಲ ಹೆಚ್ಚು ಓಡಾಟ, ಆದರೆ ಔಷಧ ಬಹಳ ಕಡಿಮೆ.

ಒಳಗೆ ಬಿಡುವ ಕ್ರಿಯೆಗೆ ಅರಿವಳಿಕೆ ಬೇಡ. ತುಂಬಿದ ಮೂತ್ರಕೋಶದೊಂದಿಗೆ ಮಲಗಿ, ಪರದೆಯ ಮೇಲೆ ಒಂದು ಬಿಳಿಯ ಚುಕ್ಕೆ ಮಿಂಚಿ ನಿಲ್ಲುವುದನ್ನು ನೋಡುವುದಷ್ಟೇ. ಆಮೇಲೆ ಹಾಸಿಗೆ ಹಿಡಿಯಬೇಕಿಲ್ಲ. ಗರ್ಭಕ್ಕೆ ಆಸರೆಯಾಗುವ ಪ್ರೊಜೆಸ್ಟರಾನ್ ಹಾರ್ಮೋನಿನ ಔಷಧ ತಪ್ಪಿಸದಿರುವುದು, ಹತ್ತರಿಂದ ಹದಿನಾಲ್ಕು ದಿನದ ಮೇಲೆ ರಕ್ತಪರೀಕ್ಷೆಯತನಕ ಕಾಯುವುದು. ನಾಲ್ಕು ವರ್ಷದಲ್ಲಿ ಅತಿ ಉದ್ದವಾಗಿದ್ದವು ಅವೇ ದಿನಗಳು.

ಪಟ್ಟಿಯ ಕೊನೆಯಲ್ಲಿ ಬರುವ ಹೆಚ್ಚುವರಿಗಳು

ಭ್ರೂಣದ ಹೊರಪದರದಿಂದ ಕೆಲವು ಕೋಶ ತೆಗೆದು ವರ್ಣತಂತುಗಳ ಎಣಿಕೆ ನೋಡುವ ಪರೀಕ್ಷೆಗೆ ಪಿಜಿಟಿ-ಎ ಎನ್ನುತ್ತಾರೆ. ಅದು ಭ್ರೂಣವನ್ನು ಉತ್ತಮಗೊಳಿಸುವುದಿಲ್ಲ, ಯಾವುದನ್ನು ಮೊದಲು ಬಿಡಬೇಕು ಎಂದಷ್ಟೇ ತೋರಿಸುತ್ತದೆ. ವಯಸ್ಸಾದವರಲ್ಲಿ, ಕೈಯಲ್ಲಿ ಹಲವು ಬ್ಲಾಸ್ಟೊಸಿಸ್ಟ್ ಇದ್ದರೆ, ವ್ಯರ್ಥ ಪ್ರಯತ್ನ ಮತ್ತು ಗರ್ಭಪಾತದ ನೋವನ್ನು ಕಡಿಮೆ ಮಾಡಬಹುದು. ಎಳೆಯ ವಯಸ್ಸಿನವರಿಗೆ ಅಥವಾ ಒಂದೇ ಭ್ರೂಣ ಇರುವವರಿಗೆ ನಾನು ಸೂಚಿಸುವುದಿಲ್ಲ. ಕುಟುಂಬದಲ್ಲಿ ಥಲಸ್ಸೀಮಿಯಾದಂಥ ಗೊತ್ತಿರುವ ಆನುವಂಶಿಕ ರೋಗವಿದ್ದಾಗ ಮಾಡುವ ಪರೀಕ್ಷೆ ಬೇರೆಯೇ, ಅದಕ್ಕೆ ಹಣ ಹೊಂದಿಸುವುದು ಸಾರ್ಥಕ.

ಗರ್ಭಕೋಶದ ಒಳಪದರವನ್ನು ಮೊದಲೇ ಗೀರುವುದು, ಭ್ರೂಣ ಬಿಡಲು ತಕ್ಕ ಗಳಿಗೆ ಹುಡುಕುವ ಒಳಪದರದ ಪರೀಕ್ಷೆ: ಈ ಎರಡರಿಂದಲೂ ಮಗುವಾಗುವ ಪ್ರಮಾಣ ಏರಲಿಲ್ಲವೆಂದು ದೊಡ್ಡ ಅಧ್ಯಯನಗಳು ತೋರಿಸಿವೆ. ಆ ಹಣವನ್ನು ಘನೀಕೃತ ಭ್ರೂಣದ ಇನ್ನೊಂದು ಪ್ರಯತ್ನಕ್ಕೆ ಇಟ್ಟುಕೊಳ್ಳಿ.

ದಾನಿಯ ಅಂಡಾಣು ಹೆಚ್ಚುವರಿಯಲ್ಲ, ಬೇರೆಯದೇ ದಾರಿ. ಅಲ್ಲಿ ಫಲಿಸುವ ಸಾಧ್ಯತೆಯನ್ನು ನಿರ್ಧರಿಸುವುದು ಮುಖ್ಯವಾಗಿ ದಾನಿಯ ವಯಸ್ಸು, ಆದ್ದರಿಂದ 43 ದಾಟಿದವರಿಗೂ ಸಾಧ್ಯತೆ ದೊಡ್ಡದಾಗುತ್ತದೆ. ದಾನಿಯ ಗುರುತು, ಮಗುವಿನ ಹಕ್ಕು ಇವುಗಳ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಮಗುವಿಗೆ ಹೇಳುತ್ತೀರಾ, ಯಾವಾಗ ಹೇಳುತ್ತೀರಾ ಎಂಬುದನ್ನು ಗಂಡ ಹೆಂಡತಿ ಇಬ್ಬರೂ ಆಪ್ತಸಮಾಲೋಚಕರ ಎದುರು ಕೂತು ಮಾತಾಡದೆ ಈ ಹೆಜ್ಜೆ ಇಡಬೇಡಿ.

ಕ್ಲಿನಿಕ್ ಹೇಳುವ ಶೇಕಡಾವನ್ನು ಓದುವುದು ಹೇಗೆ

ಲೆಕ್ಕಕ್ಕಾಗಿ ಒಂದು ಉದಾಹರಣೆ. ನೂರು ಮಹಿಳೆಯರು ಇಂಜೆಕ್ಷನ್ ಶುರುಮಾಡಿದರು ಎನ್ನಿ. 90 ಜನರಿಗೆ ಅಂಡಾಣು ತೆಗೆದರು, 70 ಜನರಿಗೆ ಭ್ರೂಣ ಬಿಟ್ಟರು, 35 ಜನರ ರಕ್ತಪರೀಕ್ಷೆ ಪಾಸಿಟಿವ್, 28 ಜನರಿಗೆ ಸ್ಕ್ಯಾನ್‌ನಲ್ಲಿ ಹೃದಯಬಡಿತ ಕಂಡಿತು, 22 ಜನ ಮಗುವಿನೊಂದಿಗೆ ಮನೆಗೆ ಹೋದರು. ಈ ಕ್ಲಿನಿಕ್ ತನ್ನ ಯಶಸ್ಸು ಶೇ 50 ಎಂದು ಬರೆದುಕೊಳ್ಳಬಹುದು, 70ರಲ್ಲಿ 35. ಶೇ 40 ಎನ್ನಬಹುದು, 70ರಲ್ಲಿ 28. ಶೇ 22 ಎಂದೂ ಹೇಳಬಹುದು. ಮೂರೂ ಸುಳ್ಳಲ್ಲ. ಚಿಕಿತ್ಸೆಯನ್ನು ಇನ್ನೂ ಶುರುಮಾಡದ ನಿಮಗೆ ಬೇಕಾದದ್ದು ಕಡೆಯದು. ‘ನನ್ನ ವಯಸ್ಸಿನವರಲ್ಲಿ, ಇಂಜೆಕ್ಷನ್ ಶುರುಮಾಡಿದ ನೂರು ಜನರಲ್ಲಿ ಎಷ್ಟು ಜನರಿಗೆ ಜೀವಂತ ಮಗು ಹುಟ್ಟಿತು?’ ಎಂದು ಈ ಮಾತುಗಳಲ್ಲೇ ಕೇಳಿ. ಕಷ್ಟದ ರೋಗಿಗಳನ್ನು ಬಾಗಿಲಲ್ಲೇ ತಿರುಗಿಸಿ ಕಳಿಸುವ ಕ್ಲಿನಿಕ್‌ನ ಶೇಕಡಾ ತಾನಾಗಿಯೇ ಮೇಲಿರುತ್ತದೆ ಎಂಬುದೂ ನೆನಪಿರಲಿ. ಅವಳಿಗಳ ಪ್ರಮಾಣ ಎಷ್ಟು ಎಂದು ಕೇಳಿದರೆ ಅವರು ಭ್ರೂಣಗಳನ್ನು ಎಷ್ಟು ಜವಾಬ್ದಾರಿಯಿಂದ ಬಿಡುತ್ತಾರೆ ಎನ್ನುವುದು ಗೊತ್ತಾಗುತ್ತದೆ.

ಸಂಖ್ಯೆಗಳು ಸರಿಸಮವಿದ್ದರೆ ಹತ್ತಿರದ ಕ್ಲಿನಿಕ್ ಆರಿಸಿಕೊಳ್ಳಿ. ಎರಡು ವಾರದಲ್ಲಿ ನಾಲ್ಕೈದು ಸಲ ಬೆಳಗ್ಗೆ ಹೋಗಿ ಬರುವುದು ಊದಿಕೊಂಡ ಹೊಟ್ಟೆಗೆ ಸುಲಭವಲ್ಲ. ಪ್ರಯೋಗಾಲಯ ವಾರದ ಏಳು ದಿನವೂ ತೆರೆದಿರುತ್ತದೆಯೇ, ವೀರ್ಯ ಮತ್ತು ಅಂಡಾಣುಗಳ ಹೆಸರನ್ನು ಪ್ರತಿ ಹಂತದಲ್ಲೂ ಇಬ್ಬರು ತಾಳೆ ನೋಡುತ್ತಾರೆಯೇ ಎಂಬುದನ್ನು ವಿಚಾರಿಸಿ. ಅಂದಾಜು ಪಟ್ಟಿ ಬರಹದಲ್ಲಿ ಬೇಕು: ಔಷಧ, ಅರಿವಳಿಕೆ, ಘನೀಕರಣ, ವಾರ್ಷಿಕ ಶೇಖರಣೆ, ಮುಂದಿನ ಭ್ರೂಣ ವರ್ಗಾವಣೆ ಒಳಗಿವೆಯೇ, ಸುತ್ತು ನಡುವೆ ರದ್ದಾದರೆ ಎಷ್ಟು ಹಿಂತಿರುಗುತ್ತದೆ. ಕೈಯಲ್ಲಿರುವ ಹಣ ಒಂದೇ ಸುತ್ತಿಗೆ ಸಾಲುವಂತಿದ್ದರೆ, ಭ್ರೂಣ ಘನೀಕರಣ ಸೇರಿರುವ ಸಾದಾ ಪಟ್ಟಿಯೇ ಹೆಚ್ಚುವರಿ ತುಂಬಿದ ಪಟ್ಟಿಗಿಂತ ಮೇಲು.

ಎಷ್ಟು ಸುತ್ತು ಎಂಬುದನ್ನು ಮೊದಲ ಇಂಜೆಕ್ಷನ್‌ಗೂ ಮುಂಚೆ ಇಬ್ಬರೂ ಮಾತಾಡಿಕೊಳ್ಳಿ. ಸೋತ ವಾರದಲ್ಲಿ ಆ ಮಾತು ಆಗುವುದಿಲ್ಲ, ಅಳು ಬರುತ್ತದೆ ಅಷ್ಟೇ. ನಾವು ಎರಡು ಎಂದು ಬರೆದು ಕಡತದ ಒಳಹಾಳೆಗೆ ಅಂಟಿಸಿಕೊಂಡಿದ್ದೆವು.

ಇನ್ನೊಂದು ಕಾಗದವಿದೆ. ಉಳಿದ ಭ್ರೂಣಗಳನ್ನು ಎಷ್ಟು ವರ್ಷ ಇಡಬೇಕು, ನಿಮ್ಮಲ್ಲೊಬ್ಬರು ತೀರಿಕೊಂಡರೆ ಅಥವಾ ಬೇರೆಯಾದರೆ ಅವು ಏನಾಗಬೇಕು ಎಂದು ಕೇಳುವ ಒಪ್ಪಿಗೆ ಪತ್ರ. ನಮಗೆ ಅದನ್ನು ಅಂಡಾಣು ತೆಗೆಯುವ ದಿನ ಬೆಳಗ್ಗೆ, ನಾನು ಆಸ್ಪತ್ರೆಯ ಬಟ್ಟೆ ತೊಟ್ಟು ಕೂತಿದ್ದಾಗ ಕೈಗಿತ್ತರು. ಓದದೆ ಸಹಿ ಮಾಡಿದೆವು. ನೀವು ಅದರ ಪ್ರತಿಯನ್ನು ಮೊದಲ ಭೇಟಿಯಲ್ಲೇ ಕೇಳಿ ಮನೆಗೆ ತನ್ನಿ.